ಹೋಬಳಿ ಶಾಲೆ: ಹೆತ್ತವರ ಮಾತು, ಮಕ್ಕಳ ಮಾತು

ಬೆಂಗಳೂರಿನ ತ್ಯಾಗರಾಜನಗರ, ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ‘ಈ ಊರಿಗೆ ಯಾವಾಗ ಬಂದಿರಿ’ ಎಂದು ಕೇಳಿದರೆ ಹಿರಿಯರು ಇಸವಿಯ ಜೊತೆಗೆ ಒಂದು ಕಾರಣವನ್ನೂ ಹೇಳುವುದುಂಟು: ‘ಮಕ್ಕಳ ಓದಿಗೆ ಅಂತ ಬಂದೆವು.’ ಕೇಳಲು ಸರಳವಾದ ಮಾತು. ಆದರೆ ಬಿಟ್ಟುಬಂದ ಊರಿನ ಶಾಲೆಯ ಬಗ್ಗೆ ಒಂದು ಕುಟುಂಬ ಕೊಟ್ಟ ತೀರ್ಪು ಅದರಲ್ಲಿ ಅಡಗಿದೆ. ಆ ತೀರ್ಪನ್ನು ಯಾರೂ ಬರೆದುಕೊಳ್ಳಲಿಲ್ಲ. ಊರಿನ ಹೆಡ್‌ಮಾಸ್ತರರಿಗೆ ಗೊತ್ತಾದದ್ದು ಇಷ್ಟೇ: ಒಬ್ಬ ಹುಡುಗನ ವರ್ಗಾವಣೆ ಪತ್ರಕ್ಕೆ ಸಹಿ ಹಾಕಬೇಕು.

ಸರ್ಕಾರಿ ಶಾಲೆಯ ಬಗ್ಗೆ ಹೆತ್ತವರು ಏನೆನ್ನುತ್ತಾರೆ, ಮಕ್ಕಳು ಏನೆನ್ನುತ್ತಾರೆ ಎಂಬ ಪ್ರಶ್ನೆ ಇಂದಿನದಲ್ಲ. ಕರ್ನಾಟಕದಲ್ಲಿ ಅದಕ್ಕೆ ಒಂದೂವರೆ ಶತಮಾನದ ಚರಿತ್ರೆಯಿದೆ. 1868ರಲ್ಲಿ ಮೈಸೂರು ಸೀಮೆಯಲ್ಲಿ ‘ಹೋಬಳಿ ಶಾಲೆ’ಗಳ ಯೋಜನೆ ಹುಟ್ಟಿತು. ಸರಿಯಾಗಿ ನೂರೈವತ್ತು ವರ್ಷಗಳ ಮೇಲೆ, 2018ರಲ್ಲಿ, ‘ಕರ್ನಾಟಕ ಪಬ್ಲಿಕ್ ಶಾಲೆ’ಗಳು ಪ್ರಾರಂಭವಾದವು, ಅವುಗಳ ಗುರಿಯೂ ಹೋಬಳಿಗೊಂದು ಶಾಲೆ. ಈ ಎರಡು ಇಸವಿಗಳ ನಡುವೆ ಶಾಲೆಗಳ ಸಂಖ್ಯೆ ಬೆಳೆದಿದೆ, ಕಟ್ಟಡಗಳು ಎದ್ದಿವೆ, ಕಾಯಿದೆಗಳು ಬಂದಿವೆ. ಶಾಲೆ ಯಾರ ಮಾತನ್ನು ಕೇಳಬೇಕು ಎಂಬ ಪ್ರಶ್ನೆ ಮಾತ್ರ ಪೂರ್ತಿ ತೀರ್ಮಾನವಾಗಿಲ್ಲ.

ಕೂಲಿಮಠದ ಲೆಕ್ಕಾಚಾರ

ಸರ್ಕಾರಿ ಶಾಲೆ ಬರುವ ಮೊದಲು ನಮ್ಮ ಊರುಗಳಲ್ಲಿ ಇದ್ದದ್ದು ಕೂಲಿಮಠ. ಹೆಸರೇ ಹೇಳುವಂತೆ ಅಲ್ಲಿನ ಐಗಳಿಗೆ ಮಕ್ಕಳ ಮನೆಯವರೇ ಕೂಲಿ ಕೊಡುತ್ತಿದ್ದರು, ಕೆಲವರು ಕಾಸಿನಲ್ಲಿ, ಹಲವರು ದವಸದಲ್ಲಿ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಮಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುವುದು, ಮಗ್ಗಿ, ಅಂಗಡಿ ಲೆಕ್ಕ, ಒಂದಿಷ್ಟು ಬಾಯಿಪಾಠ: ಇದು ಅಲ್ಲಿನ ವಿದ್ಯೆ. ಮಹಾನವಮಿಯ ದಿನಗಳಲ್ಲಿ ಹುಡುಗರು ಚೌಪದ ಹಾಡುತ್ತ ಮನೆಮನೆಗೆ ಹೋಗುತ್ತಿದ್ದರು. ಮನೆಯವರು ಕೊಟ್ಟ ಕಾಣಿಕೆ ಐಗಳಿಗೆ ಸೇರುತ್ತಿತ್ತು.

ಇಂಥ ಮಠದಲ್ಲಿ ಹೆತ್ತವರ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಕೇಳುವ ಅಗತ್ಯವೇ ಇರಲಿಲ್ಲ. ಪಾಠ ಮೆಚ್ಚಿಗೆಯಾದರೆ ದವಸ ಬರುತ್ತಿತ್ತು, ಮೆಚ್ಚಿಗೆಯಾಗದಿದ್ದರೆ ನಿಲ್ಲುತ್ತಿತ್ತು. ಆದರೆ ಈ ವ್ಯವಸ್ಥೆಯನ್ನು ಹೊಗಳಲು ಹೊರಡುವ ಮುನ್ನ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ದವಸ ಕೊಡಲಾರದವರ ಮಕ್ಕಳಿಗೆ ಮಠವಿರಲಿಲ್ಲ. ದವಸವಿದ್ದರೂ ಹೊಲೆಗೇರಿಯ ಮಕ್ಕಳಿಗೆ ಅದರ ಬಾಗಿಲು ತೆರೆದಿರಲಿಲ್ಲ. ಹುಡುಗಿಯರು ಅಲ್ಲಿ ಕಾಣಸಿಗುವುದು ಅಪರೂಪವಾಗಿತ್ತು. ಐಗಳು ಯಾರ ಮಾತಿಗೆ ಬೆಲೆ ಕೊಡುತ್ತಿದ್ದರೋ ಅವರು ಊರಿನ ಕೆಲವೇ ಮನೆಗಳವರು.

ಏಳು ರೂಪಾಯಿಯ ಮೇಷ್ಟರು

ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1857ರಲ್ಲಿ ಶಿಕ್ಷಣ ಇಲಾಖೆ ಸ್ಥಾಪನೆಯಾದರೂ ಅದರ ಗಮನವೆಲ್ಲ ದೊಡ್ಡ ಊರುಗಳ ಕಡೆಗಿತ್ತು. ಶಾಸನಗಳ ಸಂಗ್ರಹದಿಂದ ನಮಗೆಲ್ಲ ಪರಿಚಿತರಾದ ಬಿ.ಎಲ್. ರೈಸ್ ಅವರು ಇದೇ ಇಲಾಖೆಯ ಅಧಿಕಾರಿಯಾಗಿದ್ದಾಗ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಕಂದಾಯದ ಜೊತೆಗೆ ವಸೂಲಾಗುವ ಸ್ಥಳೀಯ ತೆರಿಗೆಯ ಒಂದು ಪಾಲನ್ನು ಶಾಲೆಗಳಿಗೆ ಮೀಸಲಿಡುವುದು, ಹಳೆಯ ಮಠಗಳ ಉಪಾಧ್ಯಾಯರನ್ನೇ ಆರಿಸಿ ನಾರ್ಮಲ್ ಸ್ಕೂಲಿನಲ್ಲಿ ತರಬೇತು ಕೊಟ್ಟು ನೇಮಿಸುವುದು, ತಿಂಗಳಿಗೆ ಏಳು ರೂಪಾಯಿ ಸಂಬಳ: ಇವು ಯೋಜನೆಯ ಮುಖ್ಯಾಂಶಗಳು.

ಇಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಆದವು. ಮೇಷ್ಟರ ಸಂಬಳ ಸರ್ಕಾರದಿಂದ ಬರತೊಡಗಿದ ಮೇಲೆ ಅವರು ಊರ ಗೌಡನ ಮನೆಯ ದವಸಕ್ಕೆ ಕಾಯಬೇಕಾಗಿರಲಿಲ್ಲ. ಬಡವರ ಮಗುವಿಗೆ ಇದು ಒಳ್ಳೆಯದೇ. ಆದರೆ ಮೇಷ್ಟರು ಉತ್ತರ ಕೊಡಬೇಕಾದದ್ದು ಇನ್ನು ಮುಂದೆ ಇನ್‌ಸ್ಪೆಕ್ಟರಿಗೆ, ಊರಿಗಲ್ಲ. ತೆರಿಗೆ ಕಟ್ಟುವವನು ರೈತ, ಶಾಲೆ ಹೇಗಿದೆ ಎಂದು ವರದಿ ಬರೆಯುವವನು ಅಧಿಕಾರಿ. ಸರ್ಕಾರಿ ಶಾಲೆಯ ಶಕ್ತಿಯೂ ದೌರ್ಬಲ್ಯವೂ ಅಂದಿನಿಂದ ಈ ಒಂದೇ ಏರ್ಪಾಟಿನಲ್ಲಿವೆ.

ಊರಿನವರಿಗೆ ಉಳಿದದ್ದು ಅರ್ಜಿಯ ದಾರಿ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕರೆದ ಮೇಲೆ ದಸರೆಯ ಹೊತ್ತಿಗೆ ಮೈಸೂರಿಗೆ ಹೋಗುವ ತಾಲ್ಲೂಕಿನ ಪ್ರತಿನಿಧಿಗಳು ಕೆರೆ, ರಸ್ತೆಗಳ ಜೊತೆಗೆ ಶಾಲೆಯ ಬೇಡಿಕೆಯನ್ನೂ ಒಯ್ಯುತ್ತಿದ್ದರು. ಆ ಪ್ರತಿನಿಧಿಗಳೆಂದರೆ ಜಮೀನ್ದಾರರು ಮತ್ತು ವರ್ತಕರು. ಅವರ ಬೇಡಿಕೆ ಊರಿನ ಬೇಡಿಕೆಯೆಂದು ದಾಖಲಾಯಿತು. ಶಾಲೆಯ ಮುಖ ಕಾಣದ ಮನೆಗಳ ಮಾತು ದಾಖಲಾಗುವ ಮಾರ್ಗವಿರಲಿಲ್ಲ.

ಯಾವ ಹೆತ್ತವರು?

ಸರ್ಕಾರ ಹೆತ್ತವರ ಮನಸ್ಸನ್ನು ಅರಿತು ನಡೆದ ಒಂದು ಪ್ರಸಿದ್ಧ ಉದಾಹರಣೆ ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆ. ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಅದು 1881ರಲ್ಲಿ ಪ್ರಾರಂಭವಾಯಿತು. ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲು ಹಿಂಜರಿಯುತ್ತಿದ್ದ ಮನೆಗಳ ಅಭಿರುಚಿಗೆ ತಕ್ಕಂತೆ ಅಲ್ಲಿ ಸಂಗೀತ, ಸಂಸ್ಕೃತಗಳಿಗೆ ಸ್ಥಾನ ಕೊಟ್ಟರು, ಪಾಠ ಹೇಳಲು ವಯಸ್ಸಾದ ಪಂಡಿತರನ್ನು ನೇಮಿಸಿದರು. ಈ ಎಚ್ಚರ ಫಲಿಸಿತು. ಶಾಲೆ ಬೆಳೆದು ಮುಂದೆ ಕಾಲೇಜೂ ಆಯಿತು. ಆದರೆ ಹಾಗೆ ಗೌರವ ಪಡೆದ ಅಭಿಪ್ರಾಯ ಮೇಲುಜಾತಿಯ ಮನೆಗಳದ್ದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಆಗ ಪಂಚಮರೆಂದು ಕರೆಯುತ್ತಿದ್ದ ಅಸ್ಪೃಶ್ಯ ಸಮುದಾಯಗಳ ಮಕ್ಕಳಿಗೆ ಮೈಸೂರಿನಲ್ಲಿ ಮೊದಲು ಪ್ರತ್ಯೇಕ ಶಾಲೆಗಳಿದ್ದವು. ಸರ್. ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ (1912–1918) ಎಲ್ಲ ಸಾರ್ವಜನಿಕ ಶಾಲೆಗಳಿಗೂ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ಸರ್ಕಾರ ಹೊರಟಾಗ ಮೇಲುಜಾತಿಯ ಪೋಷಕರಿಂದ ವಿರೋಧ ಬಂತು. ಆ ವಿರೋಧವೂ ‘ಪೋಷಕರ ಅಭಿಪ್ರಾಯ’ವೇ. ಅದನ್ನು ಪಾಲಿಸಿದ್ದರೆ ಶಾಲೆ ಸಾರ್ವಜನಿಕವಾಗಿ ಉಳಿಯುತ್ತಿರಲಿಲ್ಲ. ಕೆಲವು ಸಲ ಕೆಲವು ಹೆತ್ತವರ ಮಾತನ್ನು ಮೀರಿದ್ದರಿಂದಲೇ ಸರ್ಕಾರಿ ಶಾಲೆ ಎಲ್ಲರ ಶಾಲೆಯಾಯಿತು ಎಂಬುದನ್ನು ಮರೆಯಲಾಗದು.

ಒಳಗೆ ಸೇರಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಅದನ್ನು ಹೇಳಿದವರು ಅಧಿಕಾರಿಗಳಲ್ಲ, ಹಿಂದೊಮ್ಮೆ ಆ ಬೆಂಚುಗಳಲ್ಲಿ ಕುಳಿತಿದ್ದ ಮಕ್ಕಳು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಂಥ ಆತ್ಮಕಥನಗಳು 1990ರ ದಶಕದಲ್ಲಿ ಪ್ರಕಟವಾದಾಗ, ಸರ್ಕಾರಿ ಶಾಲೆಯನ್ನು ಅದರ ವಿದ್ಯಾರ್ಥಿಯೇ ತೂಗಿ ನೋಡಿದ ಬರಹ ಕನ್ನಡಿಗರ ಕೈಗೆ ಬಂತು. ಜಾತಿ ಶಾಲೆಯ ಹೊಸ್ತಿಲಲ್ಲಿ ನಿಲ್ಲದೆ ಒಳಗೂ ಬಂದದ್ದು, ಆದರೂ ಮುಂದಕ್ಕೆ ಹೋಗಲು ಇದ್ದ ದಾರಿ ಆ ಶಾಲೆಯೇ ಆಗಿದ್ದುದು, ಇವೆರಡೂ ಇಂಥ ಬರಹಗಳಲ್ಲಿ ಒಟ್ಟಿಗೇ ಕಾಣುತ್ತವೆ. ಯಾವ ತನಿಖಾ ವರದಿಯೂ ಈ ಇಬ್ಬಗೆಯನ್ನು ಇಷ್ಟು ಚೆನ್ನಾಗಿ ಹಿಡಿದಿರಲಾರದು.

ಎ.ವಿ. ಸ್ಕೂಲಿನ ಆಸೆ

ಇಂಗ್ಲಿಷಿನ ಮೋಹ ಇತ್ತೀಚಿನದೆಂದು ಭಾವಿಸುವವರು ಎ.ವಿ. ಸ್ಕೂಲನ್ನು ನೆನೆಯಬೇಕು. ಎ.ವಿ. ಎಂದರೆ ಆಂಗ್ಲೋ ವರ್ನಾಕ್ಯುಲರ್. ದೇಶಭಾಷೆಯ ಜೊತೆಗೆ ಇಂಗ್ಲಿಷ್ ಕಲಿಸುವ ಶಾಲೆ ಅದು. ತಾಲ್ಲೂಕಿನ ಊರಿಗೆ ಎ.ವಿ. ಸ್ಕೂಲು ಬಂತೆಂದರೆ ಸುತ್ತಲ ಹಳ್ಳಿಗಳ ಅನುಕೂಲಸ್ಥರು ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಕುಪ್ಪಳಿಯ ಉಪ್ಪರಿಗೆಯಲ್ಲಿ ಐಗಳ ಪಾಠ ಕೇಳಿದ ಬಾಲಕ ಕುವೆಂಪು ಅವರು ತೀರ್ಥಹಳ್ಳಿಯ ಎ.ವಿ. ಸ್ಕೂಲಿಗೆ, ಅಲ್ಲಿಂದ ಮೈಸೂರಿನ ಹೈಸ್ಕೂಲಿಗೆ ಹೋದದ್ದು ಆ ಕಾಲದ ಸಾಮಾನ್ಯ ಪಯಣ: ಮನೆಯಿಂದ ಪೇಟೆಗೆ, ಪೇಟೆಯಿಂದ ನಗರಕ್ಕೆ.

ಈ ಪಯಣದ ಕೊನೆಯ ನಿಲ್ದಾಣ ಹಲವರಿಗೆ ಬೆಂಗಳೂರು. ಪ್ಲೇಗಿನ ನಂತರ 1898ರಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. 1917ರಲ್ಲಿ ನ್ಯಾಷನಲ್ ಹೈಸ್ಕೂಲ್ ಬಂತು. ತ್ಯಾಗರಾಜನಗರದಿಂದ ಕೂಗಳತೆಯ ದೂರದಲ್ಲಿರುವ ಈ ಪ್ರದೇಶಕ್ಕೆ ಓದಲು ಬಂದವರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಬ್ಬ ಹುಡುಗನೂ ಇದ್ದ. ಊರಿನಲ್ಲಿ ಹೈಸ್ಕೂಲಿರಲಿಲ್ಲ, ಬಸ್ಸಿಗೆ ಹಣವಿರಲಿಲ್ಲ. 1935ರಲ್ಲಿ ಆತ ಬೆಂಗಳೂರಿಗೆ ನಡೆದೇ ಬಂದ. ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯ.

ಊರು ಬಿಟ್ಟು ಬಂದ ಅಸಂಖ್ಯ ವಿದ್ಯಾರ್ಥಿಗಳಿಗಿಂತ ಅವರು ಭಿನ್ನರಾದದ್ದು ಹಿಂದಿರುಗಿ ನೋಡಿದ್ದರಿಂದ. ಅವರು ಮುನ್ನಡೆಸಿದ ನ್ಯಾಷನಲ್ ಶಿಕ್ಷಣ ಸಂಸ್ಥೆ ಹೊಸೂರಿನಲ್ಲಿ ಹೈಸ್ಕೂಲನ್ನೂ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳನ್ನೂ ತೆರೆಯಿತು. ತನ್ನೂರಿನ ಶಾಲೆಯಲ್ಲಿ ಏನು ಕೊರತೆಯೆಂದು ಒಬ್ಬ ವಿದ್ಯಾರ್ಥಿಗೆ ತಿಳಿದಿತ್ತು. ಆತ ಅದನ್ನು ದೂರಿನ ರೂಪದಲ್ಲಿ ಹೇಳದೆ ಶಾಲೆಯ ರೂಪದಲ್ಲಿ ಹೇಳಿದ. ಆದರೆ ಇಂಥವರು ವಿರಳ. ಬಸವನಗುಡಿಯ ಸುತ್ತಮುತ್ತ ನೆಲೆನಿಂತ ಹೆಚ್ಚಿನ ಕುಟುಂಬಗಳಿಗೆ ಹುಟ್ಟಿದೂರಿನ ಶಾಲೆ ಒಂದು ನೆನಪಾಯಿತು, ಹೊಣೆಯಾಗಲಿಲ್ಲ.

ಇತ್ತ ಆಡಳಿತದಲ್ಲೂ ಊರಿಗೂ ಶಾಲೆಗೂ ಇದ್ದ ನಂಟು ಹಿಗ್ಗಿ ಕುಗ್ಗುತ್ತಿತ್ತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂದು ಆಯ್ದ ಸ್ಥಳಗಳಲ್ಲಿ ಶಿಕ್ಷಣ ಕಡ್ಡಾಯವಾಯಿತು. 1930ರ ಕಾನೂನು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತು. ಹನ್ನೊಂದು ವರ್ಷಗಳ ಮೇಲೆ, 1941ರಲ್ಲಿ, ಸರ್ಕಾರ ಅವನ್ನು ಮರಳಿ ತನ್ನ ವಶಕ್ಕೆ ತೆಗೆದುಕೊಂಡಿತು. ಮೇಷ್ಟರಿಗೆ ಸಂಬಳದ ಭದ್ರತೆ ಸಿಕ್ಕಿತು. ಊರಿನ ಪಾಲಿಗೆ ಮತ್ತೆ ಅರ್ಜಿಯೇ ಗತಿ.

ನ್ಯಾಯಾಲಯದಲ್ಲಿ ಪೋಷಕರು

ಪೋಷಕರ ಅಭಿಪ್ರಾಯ ದೊಡ್ಡ ದನಿಯಲ್ಲಿ ಕೇಳಿಸಿದ್ದು ಭಾಷಾ ಮಾಧ್ಯಮದ ವಿವಾದದಲ್ಲಿ. 1982ರ ಗೋಕಾಕ್ ಚಳವಳಿಯ ಹಿನ್ನೆಲೆಯಲ್ಲಿ ಸರ್ಕಾರ ಕನ್ನಡದ ಪರವಾಗಿ ಆದೇಶಗಳನ್ನು ಹೊರಡಿಸಿತು. 1989ರ ಭಾಷಾ ಆದೇಶವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರ ಹೆಸರೇ ‘ಇಂಗ್ಲಿಷ್ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಸಂಘ’. 1993ರ ಡಿಸೆಂಬರಿನಲ್ಲಿ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. 1994ರ ಏಪ್ರಿಲ್‌ನಲ್ಲಿ ಸರ್ಕಾರ ಇನ್ನೊಂದು ಆದೇಶ ಹೊರಡಿಸಿ, ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದಿತು.

ಆಮೇಲೆ ನಡೆದದ್ದು ನಮಗೆಲ್ಲ ಗೊತ್ತು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಹೇಳುವ ಶಾಲೆಗಳು ಊರೂರಿನಲ್ಲಿ ತಲೆಯೆತ್ತಿದವು. 2006ರಲ್ಲಿ ಸರ್ಕಾರ ಇಂಥ ಶಾಲೆಗಳ ಮಾನ್ಯತೆ ರದ್ದುಮಾಡಲು ಹೊರಟಾಗ ಮಕ್ಕಳನ್ನು ಸೇರಿಸಿದ್ದ ಹೆತ್ತವರೇ ಕಂಗಾಲಾದರು. 2008ರಲ್ಲಿ ಹೈಕೋರ್ಟು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಹೆತ್ತವರಿಗೆ ಸೇರಿದ್ದು, ಸರ್ಕಾರ ಅದನ್ನು ಹೇರಲಾಗದು ಎಂಬ ನಿಲುವಿಗೆ ಬಂದವು.

ಹೀಗೆ ಹೆತ್ತವರ ಆಯ್ಕೆಗೆ ಸಂವಿಧಾನದ ಬೆಂಬಲ ಸಿಕ್ಕಿತು. ಆದರೆ ಆಯ್ಕೆ ಮಾಡಬೇಕಾದರೆ ಶುಲ್ಕ ಕಟ್ಟುವ ಶಕ್ತಿ ಇರಬೇಕು. ಇಲ್ಲದವರಿಗೆ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳಲ್ಲಿ ಶೇಕಡ 25ರಷ್ಟು ಸೀಟುಗಳನ್ನು ಕೊಟ್ಟಿತ್ತು. ರಾಜ್ಯದಲ್ಲಿ ಅದು 2012ರಿಂದ ಜಾರಿಗೆ ಬಂದು, ಅರ್ಜಿ ಹಿಡಿದ ಬಡ ಪೋಷಕರ ಸಾಲು ಬೆಳೆಯಿತು. 2019ರಲ್ಲಿ ನಿಯಮ ಬದಲಾಯಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಈ ಸೌಲಭ್ಯ ಇಲ್ಲವೆಂದಾದ ಮೇಲೆ ಆ ಸಾಲು ಕರಗಿತು. ಸರ್ಕಾರದ ವಾದಕ್ಕೆ ಅರ್ಥವಿಲ್ಲದಿಲ್ಲ: ತನ್ನ ಶಾಲೆಗಳನ್ನು ಬರಿದುಮಾಡಲು ತಾನೇ ಏಕೆ ಹಣ ಕೊಡಬೇಕು? ಆದರೂ ಶುಲ್ಕ ಕಟ್ಟಬಲ್ಲವನ ಆಯ್ಕೆ ಹಕ್ಕಾಯಿತು, ಕಟ್ಟಲಾರದವನ ಆಯ್ಕೆ ನಿಯಮದ ತಿದ್ದುಪಡಿಯೊಂದಿಗೆ ಹೋಯಿತು ಎಂಬುದೂ ಅಷ್ಟೇ ನಿಜ.

ಸಮಿತಿಯ ಕುರ್ಚಿ

ಈ ಗದ್ದಲದ ನಡುವೆ ಹೆಚ್ಚು ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಗಿತ್ತು. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಗಳನ್ನು ಅನುಸರಿಸಿ, 2001ರ ಏಪ್ರಿಲ್‌ನಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಲು ಆದೇಶವಾಯಿತು. ಜನರ ಬಾಯಲ್ಲಿ ಅದು ‘ಎಸ್‌ಡಿಎಂಸಿ’. ಮಕ್ಕಳ ತಂದೆತಾಯಿಗಳೇ ಸಭೆ ಸೇರಿ ತಮ್ಮೊಳಗಿನ ಒಂಬತ್ತು ಮಂದಿಯನ್ನು ಆರಿಸುವ ಏರ್ಪಾಟು ಅದು. ಶಾಲೆಯ ಖರ್ಚು, ಬಿಸಿಯೂಟ, ಮೇಷ್ಟರ ಹಾಜರಿ ಇವನ್ನೆಲ್ಲ ನೋಡುವ ಅಧಿಕಾರ, ಹೋಬಳಿ ಶಾಲೆಯ ಕಾಲದಿಂದ ಮೊದಲ ಸಲ, ಹೆತ್ತವರಿಗೆ ಬಂತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು: ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು.

ಇಲ್ಲೊಂದು ವಿಪರ್ಯಾಸವಿದೆ. ಇದೇ ಕಾಯಿದೆಯ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳಿಗೆ ಇಂಥ ಸಮಿತಿ ಕಡ್ಡಾಯವಲ್ಲ. ಸಾಲ ಮಾಡಿ ಶುಲ್ಕ ಕಟ್ಟುವ ತಂದೆಗೆ ಆ ಶಾಲೆಯ ಆಡಳಿತದಲ್ಲಿ ಈ ಕಾಯಿದೆ ಕುರ್ಚಿ ಕೊಟ್ಟಿಲ್ಲ. ಒಂದು ಪೈಸೆ ಕೊಡದೆ ಸರ್ಕಾರಿ ಶಾಲೆಗೆ ಮಗಳನ್ನು ಕಳಿಸುವ ಕೂಲಿಕಾರ ತಾಯಿಗೆ ಕೊಟ್ಟಿದೆ. ಅಂದರೆ ಹೆತ್ತವರ ಮಾತನ್ನು ಕೇಳಲೇಬೇಕೆಂದು ಕಾನೂನು ಕಟ್ಟುಮಾಡಿದ ಶಾಲೆಯನ್ನು ಬಿಟ್ಟು, ಹಾಗೆ ಕೇಳಬೇಕಾಗಿಲ್ಲದ ಶಾಲೆಯ ಬಾಗಿಲಲ್ಲಿ ನಮ್ಮ ಮಧ್ಯಮವರ್ಗ ಸಾಲು ನಿಂತಿತು. ತಾಲ್ಲೂಕು ಕಚೇರಿಯಲ್ಲಿ ಮಾತಾಡಬಲ್ಲವರು, ಪತ್ರಿಕೆಗೆ ಬರೆಯಬಲ್ಲವರು, ಶಾಸಕರ ಮನೆಗೆ ಹೋಗಬಲ್ಲವರು ಸರ್ಕಾರಿ ಶಾಲೆಯಿಂದ ಹೊರಟುಹೋದ ಮೇಲೆ ಹೆತ್ತವರಿಗೆ ಅಲ್ಲಿ ಕುರ್ಚಿ ಬಂತು. ಉಳಿದವರು ಅದರಲ್ಲಿ ಕುಳಿತರೆ ಅಂದಿನ ಕೂಲಿ ಹೋಗುತ್ತದೆ. ಸಹಿ ಹಾಕುವುದಕ್ಕಷ್ಟೇ ಕರೆಸುವ ಸಭೆಗೆ ಕೂಲಿ ಬಿಟ್ಟು ಬರುವವರು ಯಾರು?

ಮಕ್ಕಳಿಗೆ ಮಾತು ಬಂದಾಗ

ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕೇಳುವ ಪದ್ಧತಿ ಇನ್ನೂ ಹೊಸದು. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ರಾಜ್ಯ ಸರ್ಕಾರ 2006ರಲ್ಲಿ ಸೂಚಿಸಿತು. ಇಂಥ ಸಭೆಗಳಲ್ಲಿ ಮಕ್ಕಳು ಎತ್ತುವ ಪ್ರಶ್ನೆಗಳಿಗೂ ದೊಡ್ಡವರ ಚರ್ಚೆಗೂ ಅಜಗಜಾಂತರ. ದೊಡ್ಡವರು ಮಾಧ್ಯಮ, ಫಲಿತಾಂಶ ಎನ್ನುತ್ತಾರೆ. ಮಕ್ಕಳು ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಇಲ್ಲ, ಸಂಜೆಯ ಬಸ್ಸು ಹೊತ್ತಿಗೆ ಬರುವುದಿಲ್ಲ ಎನ್ನುತ್ತಾರೆ. ಹೈಸ್ಕೂಲಿನ ಹುಡುಗಿ ಶಾಲೆ ಬಿಡುವುದಕ್ಕೆ ಇಂಥ ಸಂಗತಿಗಳು ಸಾಕು.

2021ರ ಡಿಸೆಂಬರಿನಲ್ಲಿ ಇಡೀ ರಾಜ್ಯ ಒಬ್ಬ ಶಾಲಾ ಬಾಲಕಿಯ ಮಾತನ್ನು ಕೇಳಿತು. ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಪ್ರಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಕೊಪ್ಪಳ ಜಿಲ್ಲೆಯ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು, ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುವುದಾಗಿ ಎದೆಗಾರಿಕೆಯಿಂದ ಹೇಳಿದಳು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಇದ್ದೇ ಇತ್ತು. ಹೆಚ್ಚಿನ ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಮುಂದೆ ಆ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ತಮ್ಮ ತಟ್ಟೆಯಲ್ಲಿ ಏನಿರಬೇಕೆಂದು ಪಂಡಿತರು ವಾದಿಸುತ್ತಿದ್ದಾಗ, ತಿನ್ನುವವರನ್ನು ಕೇಳಿ ಎಂದು ನೆನಪಿಸಿದವಳು ಚಿಕ್ಕ ಊರಿನ ಒಬ್ಬ ಹುಡುಗಿ.

ಮತ್ತೆ ಹೋಬಳಿಗೆ

‘ಪಬ್ಲಿಕ್ ಸ್ಕೂಲ್’ ಎಂಬ ಫಲಕವನ್ನು ನಮ್ಮಲ್ಲಿ ಬಹುಕಾಲ ಹಾಕಿಕೊಂಡವು ಖಾಸಗಿ ಶಾಲೆಗಳು. ಇಂಗ್ಲೆಂಡಿನ ಸಿರಿವಂತರ ಶಾಲೆಗಳಿಂದ ಬಂದ ಆ ಹೆಸರಿಗೆ ಸಾರ್ವಜನಿಕವೆಂಬ ಅರ್ಥ ಅಂಟಿಕೊಂಡಿರಲಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳ ಮೂಲಕ ಸರ್ಕಾರ ಆ ಪದವನ್ನು ತನ್ನದಾಗಿಸಿಕೊಂಡಿತು. ಒಂದನೆಯ ತರಗತಿಯಿಂದ ಪಿಯುಸಿಯವರೆಗೆ ಒಂದೇ ಆವರಣ. 2019ರಿಂದ ಅವುಗಳಲ್ಲಿ ಎಲ್‌ಕೆಜಿ, ಯುಕೆಜಿ. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು. ಇದು ಹೊರಟುಹೋಗುತ್ತಿದ್ದ ಹೆತ್ತವರ ಅಭಿಪ್ರಾಯವನ್ನು ಸರ್ಕಾರ ತಡವಾಗಿ ಒಪ್ಪಿಕೊಂಡ ರೀತಿ. ಕನ್ನಡದ ಹಲವು ಸಾಹಿತಿಗಳು ಇದನ್ನು ವಿರೋಧಿಸಿದರು. ಅವರ ಆತಂಕವನ್ನು ಲಘುವಾಗಿ ಕಾಣುವಂತಿಲ್ಲ: ಇಂಗ್ಲಿಷಿನಲ್ಲಿ ಪಾಠ ಹೇಳಬಲ್ಲ ಮೇಷ್ಟರಿಲ್ಲದೆ ಫಲಕ ಮಾತ್ರ ಬದಲಾದರೆ ಮಗುವಿಗೆ ಎರಡು ಭಾಷೆಯೂ ದಕ್ಕದು.

ಹೋಬಳಿ ಕೇಂದ್ರದ ದೊಡ್ಡ ಶಾಲೆ ಬೆಳೆದಂತೆ ಸುತ್ತಲಿನ ಸಣ್ಣ ಶಾಲೆಗಳು ಮುಚ್ಚಿಹೋಗಬಹುದೆಂಬ ಭಯ ಹಳ್ಳಿಗಳಲ್ಲಿದೆ. ದೊಡ್ಡ ಶಾಲೆಗೆ ಪ್ರಯೋಗಾಲಯ ಬರುತ್ತದೆ, ವಿಷಯಕ್ಕೊಬ್ಬ ಮೇಷ್ಟರು ಬರುತ್ತಾರೆ. ಆರು ವರ್ಷದ ಮಗು ಮಳೆಗಾಲದಲ್ಲಿ ಅಲ್ಲಿಗೆ ಹೇಗೆ ಹೋಗಬೇಕು ಎಂಬುದಕ್ಕೆ ಉತ್ತರ ಗೊತ್ತಿರುವುದು ಆ ಮಗುವಿನ ತಾಯಿಗೆ. ಆಕೆ ಶಾಲೆಯ ಸಮಿತಿಯಲ್ಲಿ ಸದಸ್ಯೆಯೂ ಆಗಿರಬಹುದು. ತೀರ್ಮಾನ ಬೆಂಗಳೂರಿನಲ್ಲಿ ಆಗುವ ಮುನ್ನ ಆಕೆಯನ್ನು ಕೇಳಿದರೆ ಮಾತ್ರ ಆ ಸದಸ್ಯತ್ವಕ್ಕೆ ಅರ್ಥ.

1868ರಲ್ಲಿ ರೈತನ ತೆರಿಗೆಯಿಂದ ಶಾಲೆ ಬಂತು, ರೈತನ ಮಾತು ಹೊರಗುಳಿಯಿತು. ಇಂದು ಮಾತಾಡುವ ಹಕ್ಕು ಕಾನೂನಿನಲ್ಲಿದೆ. ಆ ಮಾತಿಗೆ ತೂಕ ಬರಬೇಕಾದರೆ ಸಭೆಗಳು ಕೂಲಿಕಾರರ ಬಿಡುವಿನ ಹೊತ್ತಿನಲ್ಲಿ ನಡೆಯಬೇಕು, ನಡಾವಳಿಯನ್ನು ಓದಿ ಹೇಳಬೇಕು, ಸಮಿತಿಯ ನಿರ್ಣಯಕ್ಕೆ ಇಲಾಖೆ ಲಿಖಿತ ಉತ್ತರ ಕೊಡಬೇಕು. ಚಿಕ್ಕ ಊರುಗಳ ಶಾಲೆಗಳಲ್ಲಿ ಕಲಿತು ಈ ನಗರದಲ್ಲಿ ನೆಲೆನಿಂತವರಿಗೂ ಇಲ್ಲೊಂದು ಕೆಲಸವಿದೆ. ಹೊಸೂರಿನ ಹುಡುಗ ಮಾಡಿದಂತೆ ಶಾಲೆ ಕಟ್ಟಬೇಕಾಗಿಲ್ಲ. ಅಲ್ಲಿ ಉಳಿದಿರುವ ಹೆತ್ತವರು ಅರ್ಜಿ ಬರೆಯುವಾಗ ಜೊತೆಗೊಂದು ಸಹಿ ಹಾಕಿದರೂ ಆದೀತು.